ನೂರಕ್ಕೆ ತೊಂಬತ್ತೊಂದು

ನಾಲ್ಕು ಹೊಡೆಯಲು ಇನ್ನೂ ಎಂಟು ಗಂಟೆ ಹನ್ನೆರಡು ನಿಮಿಷ ಇತ್ತು. ಒಂದು ಮಾತು ಹೇಳುವುದಕ್ಕೆ ಇಷ್ಟು ಹೊತ್ತು ಧಾರಾಳವಾಯಿತು ಎಂದು ಅವನು ತನಗೆ ತಾನೇ ಧೈರ್ಯ ಹೇಳಿಕೊಂಡ. ಮಾತಾದರೂ ಎಷ್ಟು ದೊಡ್ಡದು? 'ನಿನ್ನದನ್ನು ಕದ್ದವನು ನಾನೇ ಮಗಳೇ.' ಸ್ನಾನದ ಮನೆಯಲ್ಲಿ ಕೈಗಡಿಯಾರ ಹಿಡಿದುಕೊಂಡು ಪಿಸುದನಿಯಲ್ಲಿ ಹೇಳಿ ನೋಡಿದ್ದ. ಮೂರು ಸೆಕೆಂಡು ಸಾಕಾಗಿತ್ತು. ಇಪ್ಪತ್ತೆರಡು ವರ್ಷ ಬಸ್ ಡಿಪೋದಲ್ಲಿ ಟೈಮ್‌ಕೀಪರ್ ಆಗಿದ್ದವನಿಗೆ ಯಾವ ಕೆಲಸಕ್ಕೆ ಎಷ್ಟು ಹೊತ್ತು ಬೇಕು ಎಂಬುದು ಬೆರಳ ತುದಿಯಲ್ಲಿರುತ್ತದೆ. ಗಾಡಿ ತೊಳೆಯಲು ಹನ್ನೊಂದು ನಿಮಿಷ, ಡೀಸೆಲ್ ಹಾಕಲು ಆರು, ಡ್ರೈವರ್ ಬದಲಾಗಲು ಎರಡು. ಆದರೂ ಈ ಮೂರು ಸೆಕೆಂಡಿನ ಕೆಲಸಕ್ಕೆ ನಾಲ್ಕು ದಿನದಿಂದ ಮುಹೂರ್ತ ಕೂಡಿ ಬಂದಿರಲಿಲ್ಲ. ಈಗ ಊಟದ ಮೇಜಿನ ಮುಂದೆ ಕೂತು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದಿದ್ದ. ಹಾಗೆ ಹಿಡಿದು ಎಷ್ಟೋ ಹೊತ್ತಾಗಿತ್ತು. ಒಂದೇ ಸುದ್ದಿಯ ಒಂದೇ ಸಾಲು, ಎಲ್ಲೋ ಸೇತುವೆ ರಿಪೇರಿ ಮುಂದಕ್ಕೆ ಹೋಗಿದೆ ಎಂಬುದು, ಓದಿ ಓದಿ ಬಾಯಿಪಾಠವಾಗಿತ್ತು. ಮಗಳು ಬಾಗಿಲಲ್ಲಿ ಬಂದು ನಿಂತದ್ದು ಪೇಪರಿನ ಕೆಳಗಿನಿಂದ ಅವಳ ಪಾದ ಕಂಡೇ ಗೊತ್ತಾಯಿತು. ಎಡಗಾಲಿನ ಮೇಲೆ ಬಲಗಾಲು ಇಟ್ಟುಕೊಂಡು ನಿಲ್ಲುವುದು ಅವಳ ಚಿಕ್ಕಂದಿನ ಅಭ್ಯಾಸ. ಏನಾದರೂ ಕೇಳಬೇಕಾದಾಗ ಹಾಗೆ ನಿಲ್ಲುತ್ತಾಳೆ.

"ಅಪ್ಪಾ, ಇವತ್ತು ನಾಲ್ಕಕ್ಕೆ."

"ಗೊತ್ತಮ್ಮ."

"ಮೊದಲು ಕಳ್ಸಿದೋರೂ ಬರ್ತಾರಂತೆ. ಅವರಿಗೂ ಲಿಂಕ್ ಹೋಗಿದೆಯಂತೆ."

"ಬರ್ಲಿ ಬಿಡು."

"ಅವರೇನು ಹೇಳ್ಬಹುದು ಅಪ್ಪಾ?"

ಅವನು ಪುಟ ತಿರುವಿದ. ಆ ಕಡೆ ಪುಟದ ತುಂಬ ಜಾಹೀರಾತು. ಫ್ರಿಜ್ಜಿನ ಪಕ್ಕ ನಗುತ್ತಿದ್ದ ಹೆಂಗಸನ್ನು ಗಂಭೀರವಾಗಿ ನೋಡಿದ. ಪಾದಗಳು ಇನ್ನೂ ಅಲ್ಲೇ ಇದ್ದವು. ಒಳಕೋಣೆಯಿಂದ ಹೆಂಡತಿಯ ಹೊಲಿಗೆ ಮಿಷನ್ನಿನ ಸದ್ದು ಬರುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಬರುತ್ತಿತ್ತು. ಅದು ನಿಂತಾಗ ಹೇಳಿಬಿಡೋಣ ಎಂದುಕೊಂಡ. ನಿಂತಾಗ, ಇಷ್ಟು ನಿಶ್ಶಬ್ದದಲ್ಲಿ ಬೇಡ, ಸದ್ದು ಶುರುವಾಗಲಿ ಎಂದುಕೊಂಡ. ಕೊನೆಗೆ ಬಲಗಾಲು ಎಡಗಾಲಿನಿಂದ ಇಳಿಯಿತು. "ಸರಿ, ನಾನು ಲ್ಯಾಬಿಗೆ ಹೋಗಿ ಮಧ್ಯಾಹ್ನ ಬಂದ್ಬಿಡ್ತೀನಿ" ಎಂದಳು. ಅವಳು ಬೆಳಗಿನ ಹೊತ್ತು ಒಂದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ರಿಪೋರ್ಟು ಕೊಡುವ ಕೆಲಸ ಮಾಡುತ್ತಾಳೆ, ಮಧ್ಯಾಹ್ನದ ಮೇಲೆ ಆನ್‌ಲೈನ್ ಕಾಲೇಜು. ಅವಳು ಹೋದ ಮೇಲೆ ಪೇಪರು ಇಳಿಸಿದ. ತಟ್ಟೆಯಲ್ಲಿದ್ದ ತಿಂಡಿ ತಣ್ಣಗಾಗಿತ್ತು. ನಾಲ್ಕಕ್ಕೆ ಇನ್ನು ಎಂಟು ಗಂಟೆ ಮೂರು ನಿಮಿಷ.

ಕಾಲೇಜಿನ ಹುಚ್ಚು ಹಿಡಿದದ್ದು ಮೊದಲು ಅವನಿಗಲ್ಲ, ಮೇಲಿನ ಆಫೀಸಿಗೆ. ಸೂಪರಿಂಟೆಂಡೆಂಟ್ ಆಗಬೇಕಾದರೆ ಡಿಗ್ರಿ ಬೇಕು ಎಂದು ಒಂದು ದಿನ ಸುತ್ತೋಲೆ ಬಂತು. ಅವನ ನಂತರ ಸೇರಿದವರು, ಅವನ ಹತ್ತಿರ ಪೆನ್ನು ಸಾಲ ಕೇಳಿದವರು, ಎಲ್ಲ ಮೆಟ್ಟಿಲು ಹತ್ತಿ ಮಹಡಿಗೆ ಹೋದರು. ಇವನು ಗೇಟಿನ ಪಕ್ಕದ ಕಿಟಕಿಯಲ್ಲೇ ಉಳಿದ. ಮಗಳೇ ಹಟ ಹಿಡಿದು ಅವನ ಹೆಸರನ್ನೂ ತನ್ನ ಕಾಲೇಜಿಗೆ ಸೇರಿಸಿದಳು. ಅವಳದು ಸಾಮಾನ್ಯ ಬ್ಯಾಚು, ಅವನದು ನೌಕರರ ಬ್ಯಾಚು. ಪಾಠ ಒಂದೇ, ಅಸೈನ್‌ಮೆಂಟೂ ಒಂದೇ. "ಇನ್ನೇನು, ಅಪ್ಪ-ಮಗಳಿಗೆ ಒಟ್ಟಿಗೇ ಡಬ್ಬಿ ಕಟ್ಟಿಕೊಡ್ತೀನಿ, ಜಗಳ ಆಡದೆ ಹೋಗಿ ಬನ್ನಿ" ಎಂದು ಹೆಂಡತಿ ನಕ್ಕಿದ್ದಳು. ಅವನೂ ನಕ್ಕಿದ್ದ. ಆ ನಗು ಮೂರನೇ ವಾರಕ್ಕೆ ನಿಂತಿತು. ಪೋರ್ಟಲ್ ತೆರೆದರೆ ಅವನ ಹೆಸರಿನ ಮುಂದೆ ಕೆಂಪಕ್ಷರದಲ್ಲಿ 'ತಡ' ಎಂದು ಬರೆದಿತ್ತು. ಎಷ್ಟು ಜನರ ಹೆಸರಿನ ಮುಂದೆ ಅವನು ಆ ಎರಡಕ್ಷರ ಬರೆದಿರಲಿಲ್ಲ! ಕೆಂಪು ಪೆನ್ನು ಬೇರೆಯೇ ಇಟ್ಟುಕೊಂಡಿದ್ದ ಅದಕ್ಕಾಗಿ. ಈಗ ಯಾರೋ ಕಾಣದ ಟೈಮ್‌ಕೀಪರ್ ಒಬ್ಬ ಅವನ ಹೆಸರಿನ ಮುಂದೆ ಬರೆದು, ಕಾರಣ ಕೂಡ ಕೇಳದೆ ಮುಂದೆ ಹೋಗಿಬಿಟ್ಟಿದ್ದ. ಎರಡನೇ ಅಸೈನ್‌ಮೆಂಟಿಗೂ ಅದೇ ಆಯಿತು. ಮೂರನೆಯದೂ ತಡವಾದರೆ ಆ ವಿಷಯವೇ ರದ್ದು, ಇನ್ನೊಂದು ವರ್ಷ ಕಾಯಬೇಕು. ಮಗಳು ಆ ಕೆಂಪನ್ನು ನೋಡಿದ್ದಳೋ ಇಲ್ಲವೋ ಅವನಿಗೆ ಗೊತ್ತಿಲ್ಲ. ಅವಳು ಹಾಯುವಾಗಲೆಲ್ಲ ಅವನು ಕಂಪ್ಯೂಟರಿನ ಪರದೆಯನ್ನು ಮೈಯಿಂದ ಮರೆಮಾಡಿ ಕೂರುತ್ತಿದ್ದ.

ಮೂರನೇ ಅಸೈನ್‌ಮೆಂಟು ಇದು: ನಿಮಗೆ ಹತ್ತಿರದಿಂದ ಗೊತ್ತಿರುವ ಒಂದು ಕೆಲಸದ ಜಾಗವನ್ನು ಗಮನಿಸಿ ಬರೆಯಿರಿ. ಶನಿವಾರ ಸಂಜೆ ಆರರೊಳಗೆ. ಅವನು ಮೂರು ವಾರ ಅದರ ಮುಂದೆ ಕೂತ. 'ನಮ್ಮ ಡಿಪೋದಲ್ಲಿ ಒಟ್ಟು ಎಂಬತ್ತೆರಡು ಗಾಡಿಗಳಿವೆ' ಎಂದು ಬರೆದ. ಮುಂದಕ್ಕೆ ಹೋಗಲಿಲ್ಲ. ಇಪ್ಪತ್ತೆರಡು ವರ್ಷ ಅಂಕಣಗಳಲ್ಲಿ ಅಂಕಿ ತುಂಬಿಸಿದ ಕೈಗೆ ಅಂಕಣವಿಲ್ಲದ ಹಾಳೆ ಕಂಡರೆ ದಿಕ್ಕು ತಪ್ಪುತ್ತಿತ್ತು. "ಸಹಾಯ ಬೇಕಾ ಅಪ್ಪಾ?" ಎಂದು ಅವಳು ಕೇಳಿದ್ದಳು. "ಯಾಕೆ, ನಿಮ್ಮಪ್ಪನಿಗೆ ನಾಲ್ಕು ಸಾಲು ಬರೆಯೋಕೆ ಬರಲ್ಲ ಅಂದ್ಕೊಂಡ್ಯಾ?" ಎಂದು ಹಾರಾಡಿದ್ದ. ತಾನು ಪೋಸ್ಟಾಫೀಸಿನ ಬಗ್ಗೆ ಬರೆಯುತ್ತಿದ್ದೇನೆ, ಮುಗಿಯುತ್ತಾ ಬಂತು ಎಂದೂ ಸೇರಿಸಿದ್ದ. ಹಾಗಾದರೆ ಡಿಪೋ ನನಗೆ ಕೊಡು ಎಂದು ಅವಳು ಮೂರು ದಿನ ಬಂದು ಅವನ ಕೋಣೆಯ ಮೂಲೆಯ ಸ್ಟೂಲಿನ ಮೇಲೆ ಕೂತಳು. ಮೊಣಕಾಲ ಮೇಲೆ ನೋಟ್‌ಬುಕ್ಕು. ಡ್ರೈವರುಗಳೆಲ್ಲ ಬಗ್ಗಿ ಬಗ್ಗಿ ನೋಡಿ, "ಸಾರ್ ಮಗಳಾ? ಏನ್ ಬರೀತಿದೀಯಮ್ಮ, ನಮ್ಮ ಮೇಲೆ ಇನ್ನೊಂದು ಮೆಮೊನಾ?" ಎಂದು ತಮಾಷೆ ಮಾಡಿದರು. ಅವನಿಗೆ ಆ ಮೂರು ದಿನ ಬೆನ್ನು ನೆಟ್ಟಗಿತ್ತು. ತನ್ನ ಕೆಲಸವನ್ನು ಯಾರಾದರೂ ಕೂತು ನೋಡುತ್ತಾರೆ ಎಂದು ಅವನು ಎಂದೂ ಅಂದುಕೊಂಡಿರಲಿಲ್ಲ. ಅಕ್ಷರ ದುಂಡಗೆ ಬರೆದ, ಸೀಲು ಗಟ್ಟಿಯಾಗಿ ಒತ್ತಿದ, ತಡವಾಗಿ ಬಂದವರಿಗೆ ಎಂದಿಗಿಂತ ಚೊಕ್ಕಟವಾಗಿ ಮೆಮೊ ಕೊಟ್ಟ.

ಗುರುವಾರ ಸಂಜೆ ಐದು ಇಪ್ಪತ್ತೆಂಟಕ್ಕೆ ಅವಳು ಸ್ನಾನಕ್ಕೆ ಹೋದಳು. ಊಟದ ಮೇಜಿನ ಮೇಲೆ ಕಂಪ್ಯೂಟರು ತೆರೆದಿತ್ತು. ಪರದೆಯ ಮೇಲೆ 'ಡಿಪೋ, ಮುಗಿದದ್ದು' ಎಂಬ ಫೈಲು. ಓದೋಣ ಅಂತಷ್ಟೇ ತೆರೆದದ್ದು, ಇದನ್ನು ಅವನು ಯಾವ ದೇವರ ಮುಂದೆ ಬೇಕಾದರೂ ಆಣೆ ಮಾಡಿ ಹೇಳುತ್ತಾನೆ. ಓದುತ್ತಾ ಹೋದಂತೆ ಅವನ ಕಿವಿ ಬಿಸಿಯಾಯಿತು. ಎಲ್ಲ ಅಲ್ಲಿತ್ತು. ಗೇಟು ದಾಟುವಾಗ ಗಾಡಿಗಳು ಕೊಡುವ ಒಂದು ಸಣ್ಣ ಹಾರನ್, ಅದನ್ನು ಕೇಳಿ ಅವನು ತಲೆ ಎತ್ತದೆಯೇ ಗಾಡಿಯ ನಂಬರು ಹೇಳುವುದು, ಗೋಡೆ ಗಡಿಯಾರಕ್ಕಿಂತ ಕೈಗಡಿಯಾರ ನಲವತ್ತು ಸೆಕೆಂಡು ಮುಂದಿರುವುದು, ಆ ನಲವತ್ತು ಸೆಕೆಂಡನ್ನು ಅವನು ಮನಸ್ಸಿನಲ್ಲೇ ಕಳೆಯುವುದು. ಇದನ್ನೆಲ್ಲ ಅವನು ಯಾರಿಗೂ ಹೇಳಿರಲಿಲ್ಲ. ಹೇಳಬಹುದಾದ ಸಂಗತಿಗಳು ಎಂದೇ ಅವನಿಗೆ ಹೊಳೆದಿರಲಿಲ್ಲ. ಇದು ನನ್ನದೇ ಅಲ್ಲವೇ, ಎಂದು ಒಳಗಿನಿಂದ ಒಂದು ದನಿ ಎದ್ದಿತು. ನನ್ನ ಕೋಣೆ, ನನ್ನ ಗಡಿಯಾರ, ನನ್ನ ಇಪ್ಪತ್ತೆರಡು ವರ್ಷ. ಅವಳು ಮೂರು ದಿನ ಕೂತು ಬರೆದಳು, ಅಷ್ಟೇ ತಾನೇ? ಆ ದನಿ ಎಷ್ಟು ನ್ಯಾಯವಾಗಿ ಕೇಳಿಸಿತೆಂದರೆ ಅವನು ಎದ್ದು ಪೆನ್‌ಡ್ರೈವ್ ಹುಡುಕಿ ತಂದ. ಬಚ್ಚಲಲ್ಲಿ ನೀರಿನ ಸದ್ದು ನಿಲ್ಲುವ ಮೊದಲೇ ಕೆಲಸ ಮುಗಿದಿತ್ತು. ಮೂರೇ ನಿಮಿಷ ಹಿಡಿಯಿತು.

ಮಾರನೇ ದಿನ ಡಿಪೋದ ಕಂಪ್ಯೂಟರಿನಲ್ಲಿ ಕೂತು 'ಅವರು' ಎಂದಿದ್ದ ಕಡೆಯೆಲ್ಲ 'ನಾನು' ಎಂದು ಮಾಡಿದ. ನಲವತ್ತಮೂರು ಕಡೆ. ಎಲ್ಲೂ ಬಿಟ್ಟುಹೋಗದಂತೆ ಎರಡು ಸಲ ಎಣಿಸಿದ. ಒಂದು ಪ್ಯಾರಾ ಮಾತ್ರ ಹಾಗೆ ಮಾಡಲು ಆಗಲಿಲ್ಲ. ಅದರ ಮೊದಲ ಸಾಲುಗಳಲ್ಲಿ 'ಅವರು' ತೆಗೆದು 'ನಾನು' ಹಾಕಿ ಓದಿದ. ಮುಖಕ್ಕೆ ಯಾರೋ ನೀರೆರಚಿದಂತಾಯಿತು. ಆ ಪ್ಯಾರಾವನ್ನು ಪೂರ್ತಿ ಅಳಿಸಿದ. ಶುಕ್ರವಾರ ಮಧ್ಯಾಹ್ನ ಹನ್ನೆರಡು ಹತ್ತಕ್ಕೆ, ಗಡುವಿಗೆ ಇಪ್ಪತ್ತೊಂಬತ್ತು ಗಂಟೆ ಐವತ್ತು ನಿಮಿಷ ಮೊದಲೇ, ಅಸೈನ್‌ಮೆಂಟ್ ಸೇರಿತು. ಅವನ ಹೆಸರಿನ ಮುಂದೆ ಹಸಿರು ಅಕ್ಷರ ಮೂಡಿತು. ನೌಕರರ ಬ್ಯಾಚಿನಲ್ಲಿ ಅವನೇ ಮೊದಲು. ಆ ಹಸಿರನ್ನು ಅವನು ಬಹಳ ಹೊತ್ತು ನೋಡುತ್ತಾ ಕೂತಿದ್ದ. ಸಂತೋಷಪಟ್ಟಿದ್ದ. ಕದ್ದು ಕೂಡ ಟೈಮಿಗೆ ಸರಿಯಾಗಿ ಕಳಿಸಿದೆನಲ್ಲ ಎಂಬ ಸಂತೋಷ. ಮಗಳು ಎಂದಿನಂತೆ ಕೊನೆಯ ಗಳಿಗೆಯವಳು. ಒಂದು ಅಲ್ಪವಿರಾಮ ಆ ಕಡೆ ಈ ಕಡೆ ಮಾಡುತ್ತಾ ಕೂತು, ಶನಿವಾರ ಐದು ಐವತ್ತಾರಕ್ಕೆ ಕಳಿಸಿದಳು. "ಇಷ್ಟು ತಡ ಮಾಡ್ತಾರೇನೇ?" ಎಂದು ಅವನು ಬೈದಿದ್ದ, ಅದೂ ನೆನಪಿದೆ. ಕಾಲೇಜಿನ ಯಂತ್ರಕ್ಕೆ ಅಪ್ಪ ಗೊತ್ತಿಲ್ಲ, ಮಗಳು ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಯಾರು ಮೊದಲು, ಯಾರು ಆಮೇಲೆ ಎಂಬುದೊಂದೇ. ಮೊದಲು ಬಂದವನು ಸಾಚಾ, ಆಮೇಲೆ ಬಂದವಳು ಕಳ್ಳಿ. ಅವನೂ ಜೀವಮಾನವಿಡೀ ಅದೇ ನಿಯಮದಂತೆ ಕೆಲಸ ಮಾಡಿದವನು.

ಮುಂದಿನ ಶುಕ್ರವಾರ ಸಂಜೆ ಅವಳಿಗೆ ನೋಟಿಸ್ ಬಂತು. ನಿಮ್ಮ ಬರಹ ಇನ್ನೊಬ್ಬ ವಿದ್ಯಾರ್ಥಿ ಮೊದಲೇ ಸಲ್ಲಿಸಿದ ಬರಹಕ್ಕೆ ನೂರಕ್ಕೆ ತೊಂಬತ್ತೊಂದು ಪಾಲು ಹೊಂದುತ್ತದೆ, ಮಂಗಳವಾರ ನಾಲ್ಕಕ್ಕೆ ವಿಚಾರಣೆ, ತಪ್ಪು ಸಾಬೀತಾದರೆ ಕಾಲೇಜಿನಿಂದ ಹೆಸರು ತೆಗೆಯಲಾಗುವುದು. ಅವಳು ಅದನ್ನು ಗಟ್ಟಿಯಾಗಿ ಓದಿ, ಅರ್ಥವಾಗದವಳಂತೆ ಅವನ ಮುಖ ನೋಡಿದಳು. ಅವನ ಬಾಯಿಂದ ಬಂದ ಮಾತು: "ಛೆ! ಯಾರಿರ್ಬಹುದು?" ಆಗಲೇ ಹೇಳಿಬಿಡಬಹುದಿತ್ತು. ಆ 'ಛೆ' ಹೇಳಿದ ಮೇಲೆ ಹೇಳಬೇಕಾದ್ದು ಎರಡಾಯಿತು, ಕದ್ದದ್ದು ಒಂದು, 'ಛೆ' ಅಂದದ್ದು ಇನ್ನೊಂದು. ಅವಳಿಗೆ ಜಡೆ ಎಂದು ಎಲ್ಲರೂ ಕರೆಯುವ ಒಬ್ಬ ಗೆಳತಿ ಇದ್ದಾಳೆ, ಒಂದನೇ ಕ್ಲಾಸಿನಿಂದ ಈ ಕಾಲೇಜಿನವರೆಗೂ ಜೊತೆಯವಳು, ಈ ಮನೆಯಲ್ಲೇ ಅರ್ಧ ಬೆಳೆದವಳು. ತಪ್ಪು ತಿದ್ದಿಕೊಡು ಎಂದು ಅವಳೊಬ್ಬಳಿಗೇ ಬರಹ ಕಳಿಸಿದ್ದಳಂತೆ. ಮಗಳು ಅವನ ಕಣ್ಣೆದುರೇ ಅವಳಿಗೆ ಫೋನು ಮಾಡಿದಳು. "ನಿನಗೆ ಬಿಟ್ರೆ ಬೇರೆ ಒಬ್ಬರಿಗೂ ಕೊಟ್ಟಿಲ್ಲ ಕಣೇ! ಕೇಳಿದ್ರೆ ನಾನೇ ಬರೆದುಕೊಡ್ತಿರ್ಲಿಲ್ವಾ? ಕದಿಯೋ ಅಂಥ ಬುದ್ಧಿ ಯಾಕೆ ಬಂತೇ ನಿನಗೆ?" ಎಂದು ಕೂಗಿದಳು. ಫೋನಿನ ಆಚೆ ಆ ಹುಡುಗಿ ಅಳುವುದು ಅವನಿಗೆ ಕೇಳಿಸುತ್ತಿತ್ತು. ಅವನು ಎದ್ದು ಅಡುಗೆಮನೆಗೆ ಹೋಗಿ ಒಂದು ಲೋಟ ನೀರು ಕುಡಿದ. ತಿರುಗಿ ಬಂದು, ಏನೂ ಕೇಳದವನಂತೆ, "ಯಾರದಮ್ಮ ಫೋನು?" ಎಂದ.

ಅದೇ ಸಂಜೆ ಅವನ ಫೋನಿಗೂ ಒಂದು ಪತ್ರ ಬಂದಿತ್ತು. ನಿಮ್ಮ ಬರಹವನ್ನು ಮತ್ತೊಬ್ಬರು ನಕಲು ಮಾಡಿರುವುದು ಕಂಡುಬಂದಿದೆ. ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ. ವಿಚಾರಣೆಗೆ ದಯವಿಟ್ಟು ಹಾಜರಾಗಿ. ವಿಷಾದಿಸುತ್ತಾರಂತೆ! ಇಷ್ಟು ವರ್ಷದ ಕೆಲಸದಲ್ಲಿ ಯಾವ ಆಫೀಸೂ ಅವನಿಗಾಗಿ ವಿಷಾದಿಸಿರಲಿಲ್ಲ. ಮಾಡಿದ ಒಂದೇ ಒಂದು ಕಳ್ಳತನಕ್ಕೆ ಆ ಮರ್ಯಾದೆ ಸಿಕ್ಕಿತು.

ಶನಿವಾರ ಅವಳು ಜಡೆಯ ಮನೆಗೆ ಹೋಗಿ ಬಂದಳು. ಚಪ್ಪಲಿ ಬಿಡುತ್ತಲೇ, "ಅವಳಲ್ಲ ಅಪ್ಪಾ" ಎಂದಳು. "ಅವಳದು ನೋಡ್ದೆ. ಅವರಮ್ಮನ ಬಟ್ಟೆ ಅಂಗಡಿ ಬಗ್ಗೆ ಬರ್ದಿದಾಳೆ. ಪೂರ್ತಿ ಬೇರೆ." "ಮತ್ತೆ?" ಎಂದ ಅವನು, ಕೇಳಲೇಬೇಕಲ್ಲ. "ಕಾಲೇಜಿಗೆ ಫೋನ್ ಮಾಡ್ದೆ. ಹೆಸರು ಹೇಳಲ್ಲ ಅಂದ್ರು. ಮೊದಲು ಕಳ್ಸಿದೋರು ನೌಕರರ ಬ್ಯಾಚಿನವರು, ಅಷ್ಟು ಮಾತ್ರ ಹೇಳಿದ್ರು." ಹೀಗೆ ಹೇಳಿ ಅವಳು ಅಲ್ಲೇ ನಿಂತಳು, ಎಡಗಾಲಿನ ಮೇಲೆ ಬಲಗಾಲು. "ನಮ್ಮ ಬ್ಯಾಚಲ್ಲಿ ಮುನ್ನೂರು ಜನ ಇದಾರೆ" ಎಂದ. ಹಾಗೆಂದು ಎದ್ದ. "ಅಡುಗೆಮನೆ ನಲ್ಲಿ ತೊಟ್ಟಿಕ್ತಾ ಇದೆ ನೋಡು, ಯಾರೂ ನೋಡೋದೇ ಇಲ್ಲ ಈ ಮನೇಲಿ" ಎಂದು ಸ್ಪ್ಯಾನರ್ ಹುಡುಕಿಕೊಂಡು ಸಿಂಕಿನ ಕೆಳಗೆ ತೂರಿದ. ಸರಿಯಾಗಿಯೇ ಇದ್ದ ನಲ್ಲಿಯನ್ನು ಬಿಚ್ಚಿ ಮತ್ತೆ ಜೋಡಿಸಿದ. ಅಂದಿನಿಂದ ಅದು ನಿಜವಾಗಿಯೂ ತೊಟ್ಟಿಕ್ಕುತ್ತಿದೆ. ಭಾನುವಾರ ಅವಳು ಅವನು ಶೇವ್ ಮಾಡುವಾಗ ಕನ್ನಡಿಯ ಅಂಚಿನಲ್ಲಿ ಬಂದು ನಿಂತಳು. ಅವನು ಗಲ್ಲಕ್ಕೆ ಎರಡನೇ ಸಲ ಸೋಪು ಹಚ್ಚಿದ. ಸೋಮವಾರ ಅವನು ಶೂಗೆ ಪಾಲಿಶ್ ಹಾಕುವಾಗ ಬಂದು ನಿಂತಳು. ಆ ಶೂ ಈಗ ಮುಖ ನೋಡಿಕೊಳ್ಳುವಷ್ಟು ಹೊಳೆಯುತ್ತಿತ್ತು, ಡಿಪೋದ ಗೇಟಿನ ಧೂಳು ಕೂಡ ಅದರ ಮೇಲೆ ಕೂರಲು ಹಿಂಜರಿಯುವಂತಿತ್ತು.

"ಸಾರ್, ಬಂದೆ" ಎಂದಿತು ಇವತ್ತು, ಮಂಗಳವಾರ, ಡಿಪೋದ ಕಿಟಕಿಯ ಆಚೆಯ ದನಿ. ಬೇಸಿಗೆಯಲ್ಲೂ ಮಫ್ಲರ್ ಸುತ್ತಿಕೊಂಡು ಬರುವುದರಿಂದ ಆ ಡ್ರೈವರನನ್ನು ಡಿಪೋದಲ್ಲಿ ಎಲ್ಲರೂ ಮಫ್ಲರ್ ಎಂದೇ ಕರೆಯುವುದು. ಹನ್ನೊಂದು ನಾಲ್ಕು. ನಾಲ್ಕು ನಿಮಿಷ ತಡ. ಅವನ ತಲೆ ಅಭ್ಯಾಸಬಲದಿಂದ ಇನ್ನಷ್ಟು ಬಗ್ಗಿತು, ಪೆನ್ನು ಖಾಲಿ ಹಾಳೆಯ ಮೇಲೆ ತಾನಾಗಿಯೇ ಆಡತೊಡಗಿತು. ಆಗ ಅಳಿಸಿದ ಆ ಪ್ಯಾರಾ ನೆನಪಾಯಿತು. ಅಳಿಸಿದ್ದರಿಂದಲೇ ಇರಬೇಕು, ಓದಿದ್ದಷ್ಟೂ ಒಂದಕ್ಷರ ಬಿಡದೆ ಬಾಯಿಗೆ ಬರುತ್ತಿತ್ತು. ಅವನು ಥಟ್ಟನೆ ತಲೆ ಎತ್ತಿ ಮಫ್ಲರಿನ ಕಣ್ಣನ್ನೇ ನೋಡಿದ. ಆ ಮನುಷ್ಯ ಬೆಚ್ಚಿ ಒಂದು ಹೆಜ್ಜೆ ಹಿಂದೆ ಸರಿದ.

"ಏನ್ ಸಾರ್, ಸಸ್ಪೆಂಡಾ?"

"ಅಲ್ಲಪ್ಪ. ಏನಾಯ್ತು ಅಂತ ಕೇಳೋಣ ಅಂತ."

"ರೋಡ್ ಅಗೆದಿದಾರೆ ಸಾರ್, ಸುತ್ತಿ ಬಂದೆ. ನೀವು ಮೆಮೊ ಕೊಟ್ಬಿಡಿ, ಪರ್ವಾಗಿಲ್ಲ. ಹೀಗೆ ನೋಡ್ಬೇಡಿ. ನೀವು ನೋಡಿದ್ರೆ ಕೈಕಾಲು ಆಡಲ್ಲ."

ಮೆಮೊ ಕೊಡಲಿಲ್ಲ. ಕೆಂಪು ಪೆನ್ನು ತೆಗೆದವನು ಸುಮ್ಮನೆ ಮತ್ತೆ ಡ್ರಾಯರಿಗೆ ಹಾಕಿದ. ಮಫ್ಲರ್ ನಂಬಲಾರದೆ ತಿರುತಿರುಗಿ ನೋಡುತ್ತಾ ಹೋದ. ವಿಶ್ರಾಂತಿ ಕೋಣೆಯಿಂದ ನಗು ಕೇಳಿಸಿತು. ಇವತ್ತು ಸಾರ್‌ಗೆ ಮೈ ಸರಿಯಿಲ್ಲವಂತೆ ಎಂದು ಯಾರೋ ಅಂದರು. ಅವನಿಗೆ ಅಳು ಬಂದಂತಾಯಿತು. ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲ ಮನುಷ್ಯನಂತೆ ಮುಖ ನೋಡಿ ಮಾತಾಡಿದರೆ ಕಾಯಿಲೆ ಎಂದುಕೊಳ್ಳುತ್ತಾರೆ. ಅವರ ತಪ್ಪಲ್ಲ.

ಮೂರೂ ಮೂವತ್ತೊಂದಕ್ಕೆ ಅವನು ಮಗಳಿಗೆ ಫೋನು ಮಾಡಿದ. ಮೊದಲ ರಿಂಗಿಗೇ ಎತ್ತಿದಳು, ಫೋನನ್ನು ಕೈಯಲ್ಲೇ ಹಿಡಿದು ಕೂತಿದ್ದಳೇನೋ ಎಂಬಂತೆ. "ಹೇಳಪ್ಪಾ" ಎಂದಳು. ಆ 'ಹೇಳಪ್ಪಾ' ಎಷ್ಟು ಮೆತ್ತಗಿತ್ತು, ಬಾಗಿಲು ತೆರೆದು ದಾರಿ ಬಿಟ್ಟಂತಿತ್ತು. ಮೂರು ಸೆಕೆಂಡು ಸಾಕು. ಒಂದು ಗಾಡಿ ಗೇಟು ದಾಟುತ್ತಾ ಹಾರನ್ ಹೊಡೆಯಿತು. ಕೈ ತಾನಾಗಿಯೇ ಅದರ ನಂಬರು ಬರೆಯಿತು.

"ಹಾಲು ತರ್ಬೇಕಾ ಸಂಜೆ?" ಎಂದು ಕೇಳಿದ.

"ಹಾಲಿದೆ. ಇನ್ನೇನಾದ್ರೂ ಹೇಳ್ಬೇಕಾ?"

"ಏನಿಲ್ಲ. ಧೈರ್ಯವಾಗಿರು."

ಫೋನು ಇಟ್ಟ ಮೇಲೆ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳಬೇಕು ಅನ್ನಿಸಿತು. ಧೈರ್ಯವಾಗಿರು! ಹೇಳಿದ್ದು ಯಾರು, ಯಾರಿಗೆ! ಪಕ್ಕದ ಗುಮಾಸ್ತನಿಗೆ ಅರ್ಧ ಗಂಟೆ ಕಿಟಕಿ ನೋಡಿಕೋ ಎಂದು ಹೇಳಿ ವಿಶ್ರಾಂತಿ ಕೋಣೆಗೆ ಹೋದ. ಮಲಗಿದ್ದ ಇಬ್ಬರು ಡ್ರೈವರುಗಳು ಅವನನ್ನು ಕಂಡು ಎದ್ದು ಹೊರಟುಹೋದರು. ಬೆಂಚಿನ ಮೇಲೆ ಸ್ಟೀಲ್ ಲೋಟಕ್ಕೆ ಫೋನು ಒರಗಿಸಿ, ಮೂರೂ ಐವತ್ತೇಳಕ್ಕೆ ಲಿಂಕ್ ಒತ್ತಿದ. ದಯವಿಟ್ಟು ಕಾಯಿರಿ, ನಿಮ್ಮನ್ನು ಒಳಗೆ ಬಿಟ್ಟುಕೊಳ್ಳಲಾಗುವುದು ಎಂದು ಬಂತು. ಅವನು ಕಾದ. ಕಿಟಕಿಯ ಆಚೆ ನಿಂತು ಕಾಯುವುದು ಹೇಗಿರುತ್ತದೆ ಎಂದು ಅವನಿಗೆ ಮೊದಲ ಸಲ ತಿಳಿಯಿತು. ಮೂರು ನಿಮಿಷ ಬಹಳ ಉದ್ದ.

ನಾಲ್ಕಕ್ಕೆ ಸರಿಯಾಗಿ ಎರಡು ಮುಖಗಳು ಮೂಡಿದವು. ಒಂದು ವಿಚಾರಣೆ ನಡೆಸುವ, ಕನ್ನಡಕದ, ಅವನಿಗಿಂತ ಹತ್ತು ವರ್ಷಕ್ಕಾದರೂ ಚಿಕ್ಕವರಾದ ಮೇಡಂ. ಇನ್ನೊಂದು ಮಗಳು. ಅವಳ ಹಿಂದಿನ ಗೋಡೆಯ ಮೊಳೆಗೆ ಅವನದೇ ಖಾಕಿ ಸ್ವೆಟರ್ ನೇತುಬಿದ್ದಿತ್ತು. ತನ್ನ ಮುಖ ಕಂಡೊಡನೆ ಅವಳು ಚೀರಬಹುದು, ಅಳಬಹುದು, ಕ್ಯಾಮರಾ ಆರಿಸಬಹುದು ಎಂದು ಅವನು ನಾಲ್ಕು ದಿನದಿಂದ ಬಗೆಬಗೆಯಾಗಿ ಊಹಿಸಿ ಬೆವತಿದ್ದ. ಅವಳು ಏನೂ ಮಾಡಲಿಲ್ಲ. ರೆಪ್ಪೆ ಕೂಡ ಅಲುಗಲಿಲ್ಲ.

"ಇಬ್ರೂ ಬಂದಿದೀರಾ, ಥ್ಯಾಂಕ್ಸ್" ಎಂದರು ಮೇಡಂ. "ಏನಮ್ಮಾ, ಈ ಸರ್‌ನ ಮೊದಲು ಎಲ್ಲಾದ್ರೂ ನೋಡಿದೀಯಾ?"

"ನೋಡಿದೀನಿ ಮೇಡಂ."

"ಸರಿ. ಸರ್, ನೀವು ಹೇಳಿ. ನಿಮ್ಮ ಬರಹ ಈ ಹುಡುಗಿ ಕೈಗೆ ಹೇಗೆ ಸಿಕ್ತು? ನೀವಾಗೇ ಕೊಟ್ರಾ?"

ಅವನ ನಾಲಿಗೆ ಒಣಗಿತು. ಲೋಟದಲ್ಲಿ ನೀರಿತ್ತು, ಆದರೆ ಅದನ್ನು ಎತ್ತಿದರೆ ಫೋನು ಬೀಳುತ್ತದೆ. "ನೆನಪಿಲ್ಲ ಮೇಡಂ" ಎಂದ. ಇಪ್ಪತ್ತೆರಡು ವರ್ಷ ಡ್ರೈವರುಗಳು ಕಿಟಕಿಯ ಆಚೆಯಿಂದ ಹೇಳುತ್ತಾ ಬಂದ ಮಾತು ಅದು. ಕೇಳಿದಾಗಲೆಲ್ಲ ಅವನು ಮನಸ್ಸಿನಲ್ಲೇ, ಎಂಥ ಹೇಡಿಗಳಪ್ಪ, ಎಂದುಕೊಳ್ಳುತ್ತಿದ್ದ. ಮಗಳು ಕಣ್ಣು ಕೆಳಗಿಳಿಸಿದಳು.

ಮೇಡಂ ಎರಡೂ ಬರಹಗಳನ್ನು ಪರದೆಯ ಮೇಲೆ ಅಕ್ಕಪಕ್ಕ ತೋರಿಸಿದರು. ಹೊಂದುವ ಸಾಲೆಲ್ಲ ಹಳದಿ. ಪುಟದಿಂದ ಪುಟಕ್ಕೆ ಹಳದಿಯೇ ಹಳದಿ, ಅವನ 'ನಾನು'ಗಳು ಮಾತ್ರ ಅಲ್ಲಲ್ಲಿ ಬಿಳಿ ಚುಕ್ಕೆ. "ನನಗೊಂದು ಅರ್ಥ ಆಗ್ಲಿಲ್ಲ" ಎಂದರು ಅವರು. "ನಕಲು ಮಾಡೋರು ಇರೋದನ್ನ ಬಿಡ್ತಾರೆ, ಕಮ್ಮಿ ಮಾಡ್ತಾರೆ. ಈ ಹುಡುಗಿದ್ರಲ್ಲಿ ಒಂದು ಪ್ಯಾರಾ ಜಾಸ್ತಿ ಇದೆ. ಇಡೀ ಬರಹದಲ್ಲಿ ಇದೇ ಚೆನ್ನಾಗಿರೋದು. ಇದನ್ನ ಬರೆಯೋಕೆ ಬರೋರು ಮಿಕ್ಕಿದ್ದನ್ನ ಯಾಕೆ ಕದೀಬೇಕು? ಓದ್ತೀನಿ ಕೇಳಿ." ಓದಬೇಡಿ ಎನ್ನಲು ಅವನು ಬಾಯಿ ತೆರೆದ. ಅವರು ಆಗಲೇ ಶುರು ಮಾಡಿದ್ದರು.

"'ತಡವಾಗಿ ಬಂದ ಚಾಲಕ ಕಿಟಕಿಯ ಮುಂದೆ ನಿಂತಾಗ ಟೈಮ್‌ಕೀಪರ್ ತಲೆ ಎತ್ತುವುದಿಲ್ಲ. ಬರೆಯಲು ಏನೂ ಇಲ್ಲದಿದ್ದರೂ ಅವರ ಪೆನ್ನು ಹಾಳೆಯ ಮೇಲೆ ಆಡುತ್ತಿರುತ್ತದೆ. ನಾನು ಗಡಿಯಾರ ನೋಡಿದೆ. ಮೂರು ನಿಮಿಷ ತಡವಾಗಿ ಬಂದವನನ್ನು ಅವರು ಏಳು ನಿಮಿಷ ನಿಲ್ಲಿಸಿದರು. ಆ ಏಳು ನಿಮಿಷ ಯಾವ ಹಾಳೆಯಲ್ಲೂ ದಾಖಲಾಗಲಿಲ್ಲ. ಅವರು ಕೆಟ್ಟವರಲ್ಲ, ಅದು ನನಗೆ ಗೊತ್ತು. ಮುಖ ನೋಡಿದರೆ ಕ್ಷಮಿಸಬೇಕಾದೀತು ಎಂದು ಅವರಿಗೆ ಹೆದರಿಕೆ.'"

ಕೊನೆಯ ಎರಡು ಸಾಲು ಅವನು ಓದಿಯೇ ಇರಲಿಲ್ಲ. ಕದಿಯುವ ಅವಸರದಲ್ಲೂ ಅಳಿಸುವ ಅವಸರದಲ್ಲೂ ಅಲ್ಲಿಯವರೆಗೆ ಕಣ್ಣು ಹೋಗಿರಲಿಲ್ಲ. ಅವರು ಕೆಟ್ಟವರಲ್ಲ, ಅದು ನನಗೆ ಗೊತ್ತು. ವಿಶ್ರಾಂತಿ ಕೋಣೆಯ ಗೋಡೆ, ಬೆಂಚು, ಮೊಳೆಗೆ ಸಿಕ್ಕಿಸಿದ ಯಾರದೋ ಟೋಪಿ, ಎಲ್ಲ ಒಂದು ಗಳಿಗೆ ಕಲಸಿಹೋಯಿತು.

"ಗುರುವಾರ" ಎಂದ. ಫೋನನ್ನು ಕೈಗೆತ್ತಿಕೊಂಡ. ಮತ್ತೆ ಹೇಳಿದ. "ಗುರುವಾರ ಸಂಜೆ ಐದು ನಲವತ್ತು ಮೇಡಂ. ಅವಳು ಸ್ನಾನಕ್ಕೆ ಹೋಗಿದ್ಲು. ನಾನು ಪೆನ್‌ಡ್ರೈವಿಗೆ ಹಾಕ್ಕೊಂಡೆ. ಐದು ನಲವತ್ತಮೂರಕ್ಕೆ ಮುಗೀತು. ಅವಳು ಕೊಟ್ಟಿಲ್ಲ. ಅವಳಿಗೆ ಗೊತ್ತಿಲ್ಲ. ನಾನೇ ಕದ್ದಿದ್ದು."

ಮೇಡಂ ಕನ್ನಡಕ ತೆಗೆದರು. "ಸ್ನಾನಕ್ಕೆ ಅಂದ್ರೆ... ಇವರು ನಿಮಗೆ..."

"ಮಗಳು."

ಹೊರಗೆ ಗಾಡಿಯೊಂದು ಸಣ್ಣಗೆ ಹಾರನ್ ಹೊಡೆದು ಒಳಗೆ ಬಂತು. ಆಮೇಲೆ ಮೇಡಂ ನಿಯಮ ಹೇಳಿದರು, ತಮಗೇ ನಾಚಿಕೆಯಾದವರಂತೆ ಅವಸರ ಅವಸರವಾಗಿ: ಹುಡುಗಿಯ ಮೇಲಿನ ಆರೋಪ ರದ್ದು, ಅವನಿಗೆ ಈ ವಿಷಯದಲ್ಲಿ ಸೊನ್ನೆ, ಮತ್ತೆ ಮುಂದಿನ ವರ್ಷ. ನಾಳೆ ಸಂಜೆ ಐದರೊಳಗೆ ನಡೆದದ್ದನ್ನೆಲ್ಲ ಬರೆದು ಸಹಿ ಮಾಡಿ ಕಳಿಸಬೇಕು. "ನಿಮ್ಮ ಮಾತಲ್ಲೇ ಬರೀರಿ ಸರ್" ಎಂದು ಸೇರಿಸಿದರು. ಚುಚ್ಚಲೆಂದು ಹೇಳಿದ ಹಾಗಿರಲಿಲ್ಲ. "ಎಷ್ಟು ಪುಟ ಮೇಡಂ?" ಎಂದು ಅವನು ಕೇಳಿದ, ಕೇಳಿದ ಮೇಲೆ ಅದೆಂಥ ಪ್ರಶ್ನೆ ಎಂದು ಹೊಳೆಯಿತು. ಅಷ್ಟರಲ್ಲಿ ಮಗಳ ಚೌಕ ಕಪ್ಪಾಗಿತ್ತು.

ಮನೆಗೆ ಬಂದಾಗ ಐದೂ ಮುಕ್ಕಾಲು. ಹೊಲಿಗೆ ಮಿಷನ್ ನಿಂತಿತ್ತು. ಹೆಂಡತಿ ಒಳಗಿನಿಂದ ಹೊರಗೆ ಬರಲಿಲ್ಲ, ಅಂದರೆ ಅವಳಿಗೂ ಗೊತ್ತಾಗಿತ್ತು. ಮಗಳು ಬಾಗಿಲ ಬಳಿ ಚಪ್ಪಲಿ ಮೆಟ್ಟುತ್ತಿದ್ದಳು. ಅವನು ಒಳಗೆ ಬಂದವನು ಬೆಂಚಿನ ಮೇಲೆ ಕೂತು, ಬೇರೇನೂ ತೋಚದೆ, ಶೂ ಲೇಸು ಸಡಿಲಿಸಿದ.

"ಎಲ್ಲಿಗೆ?"

"ಜಡೆ ಮನೆಗೆ. ಕಳ್ಳಿ ಅಂದಿದ್ನಲ್ಲ ಅವಳನ್ನ. ತಪ್ಪಾಯ್ತು ಅಂತ ಅವತ್ತು ಬರೀ ಬಾಯಿಮಾತಿಗೆ ಹೇಳಿದ್ದು. ಯಾರು ಅಂತ ಹೇಳಿರ್ಲಿಲ್ಲ."

"ನಾನೂ ಬರ್ತೀನಿ" ಎಂದ. "ನಾನೇ ಹೇಳ್ತೀನಿ ಅವಳಿಗೆ." ಅವನು ಬಗ್ಗಿ, ಸಡಿಲಿಸಿದ ಲೇಸನ್ನು ಮತ್ತೆ ಬಿಗಿಯತೊಡಗಿದ. ಅವಳ ಮಾತು ಒಂದು ನಿಮಿಷ ತಡವಾಗಿ ತಲೆಗೆ ಹೋಯಿತು. ಅವತ್ತು, ಶನಿವಾರ. ಯಾರು ಅಂತ ಹೇಳಿರ್ಲಿಲ್ಲ.

"ನಿನಗೆ ಶನಿವಾರಾನೇ ಗೊತ್ತಿತ್ತಾ?"

"ನಾನು ಸ್ಟೂಲಿನ ಮೇಲೆ ಕೂತು ಬರೆದಿದ್ದು ಅಪ್ಪಾ. ನಿನ್ನ ಬ್ಯಾಚಲ್ಲಿ ಮುನ್ನೂರು ಜನ ಇರ್ಬಹುದು, ಆ ರೂಮಲ್ಲಿ ಇದ್ದಿದ್ದು ಇಬ್ರೇ."

"ಮತ್ತೆ ಯಾಕೆ ಕೇಳ್ಲಿಲ್ಲ?" ಎಂದ ಅವನು, ಲೇಸಿಗೆ.

"ಕೇಳೋಕೆ ಅಂತ ದಿನಾ ಬಂದು ನಿಂತ್ಕೊಂಡೆ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. "ನಾಲ್ಕು ದಿನ ನಿನ್ನ ಮುಂದೆ ನಿಂತ್ಕೊಂಡೆ ಅಪ್ಪಾ. ನೀನು ತಲೆ ಎತ್ತಲೇ ಇಲ್ಲ."

ಲೇಸು ಕಟ್ಟಿ ಮುಗಿದಿತ್ತು. ಅವಳು ಬಾಗಿಲಲ್ಲಿ, ಎಡಗಾಲಿನ ಮೇಲೆ ಬಲಗಾಲು ಇಟ್ಟುಕೊಂಡು, ಕಾಯುತ್ತಿದ್ದಳು. ಅವನು ಇನ್ನೂ ಬಗ್ಗಿಯೇ ಇದ್ದ.